ಬರೆದರೂ ಸರಿ, ಬಿಟ್ಟರೂ ಸರಿ: ಪ್ರವೇಶ ಪರೀಕ್ಷೆಯಲ್ಲಿ ಪ್ರಬಂಧದ ಪಾಡು

ಮುಂಬಯಿ–ಆಗ್ರಾ ಹೆದ್ದಾರಿಯಲ್ಲಿ ನಾಶಿಕವನ್ನು ಬಿಟ್ಟು ಓಝರ್ ದಾಟಿದರೆ ಪಿಂಪಳಗಾಂವ್ ಬಸವಂತ್ ಸಿಗುತ್ತದೆ. ದ್ರಾಕ್ಷಿ, ಈರುಳ್ಳಿ, ಟೊಮೇಟೊಗಳ ಮಾರುಕಟ್ಟೆಗೆ ಹೆಸರಾದ ಈ ಊರು ನಿಫಾಡ್ ತಾಲ್ಲೂಕಿಗೆ ಸೇರಿದೆ. ಊರ ಹೆಸರಿನ ಕೊನೆಯ ‘ಬಸವಂತ್’ ಎಂಬ ಮಾತು ಕನ್ನಡದ ಕಿವಿಗೆ ಬಲು ಹತ್ತಿರವಾಗಿ ಕೇಳಿಸುತ್ತದೆ. ಅದರ ವ್ಯುತ್ಪತ್ತಿಯ ತಂಟೆಗೆ ನಾವಿಲ್ಲಿ ಹೋಗುವುದಿಲ್ಲ. ನಮಗೆ ಬೇಕಾದದ್ದು ತಾಲ್ಲೂಕಿನ ಹೆಸರು. ಮಹಾದೇವ ಗೋವಿಂದ ರಾನಡೆಯವರು 1842ರ ಜನವರಿ 18ರಂದು ಹುಟ್ಟಿದ್ದು ಇದೇ ನಿಫಾಡ್‌ನಲ್ಲಿ. ನ್ಯಾಯಮೂರ್ತಿಯಾಗಿ, ಅರ್ಥಶಾಸ್ತ್ರಜ್ಞರಾಗಿ, ಸಮಾಜಸುಧಾರಕರಾಗಿ ಅವರನ್ನು ನೆನೆಯುವವರು ಬಹಳ. ಆದರೆ ಕಾಲೇಜಿನ ಬಾಗಿಲಲ್ಲಿ ನಿಂತ ವಿದ್ಯಾರ್ಥಿಯಿಂದ ತನ್ನ ಭಾಷೆಯಲ್ಲಿ ಬರೆಸಬೇಕೇ, ಬರೆಸಿದರೆ ಅದಕ್ಕೆ ಅಂಕವನ್ನು ಎಣಿಸಬೇಕೇ ಎಂಬ ಪ್ರಶ್ನೆಗೆ ತಮ್ಮ ಕೊನೆಯ ವರ್ಷಗಳ ಶ್ರಮವನ್ನು ಕೊಟ್ಟವರು ಅವರೇ ಎಂಬುದು ಅಷ್ಟಾಗಿ ನೆನಪಿಗೆ ಬರುವುದಿಲ್ಲ. ಹೊರನಾಡಿನಲ್ಲಿ ಮಕ್ಕಳನ್ನು ಓದಿಸುತ್ತಿರುವ ನಮಗೆ ಆ ಪ್ರಶ್ನೆ ಇಂದಿಗೂ ಹಳತಾಗಿಲ್ಲ.

ಮುಂಬಯಿ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1857ರಲ್ಲಿ. ಅದರ ಮೊದಲ ಮೆಟ್ರಿಕ್ಯುಲೇಶನ್ ಪರೀಕ್ಷೆ ನಡೆದದ್ದು 1859ರಲ್ಲಿ. ಇಂದು ನಾವು ಮೆಟ್ರಿಕ್ ಎಂದರೆ ಶಾಲೆಯ ಕೊನೆಯ ಪರೀಕ್ಷೆ ಎಂದು ತಿಳಿಯುತ್ತೇವೆ. ಆ ಕಾಲದಲ್ಲಿ ಅದು ವಿಶ್ವವಿದ್ಯಾಲಯವೇ ನಡೆಸುತ್ತಿದ್ದ ಪ್ರವೇಶ ಪರೀಕ್ಷೆ. ಕಲ್ಕತ್ತೆಯಲ್ಲಿ ಅದನ್ನು ನೇರವಾಗಿ ‘ಎಂಟ್ರನ್ಸ್’ ಎಂದೇ ಕರೆಯುತ್ತಿದ್ದರು. ಮುಂಬಯಿಯ ಆ ಮೊದಲ ಪರೀಕ್ಷೆಯಲ್ಲಿ ತೇರ್ಗಡೆಯಾದವರು ಇಪ್ಪತ್ತರ ಆಸುಪಾಸು. ಅವರಲ್ಲಿ ರಾನಡೆ ಒಬ್ಬರು. 1862ರಲ್ಲಿ ಅದೇ ವಿಶ್ವವಿದ್ಯಾಲಯದ ಮೊದಲ ಬಿ.ಎ. ತಂಡದಲ್ಲಿಯೂ ಅವರಿದ್ದರು; ರಾಮಕೃಷ್ಣ ಗೋಪಾಲ ಭಂಡಾರ್ಕರ್ ಅವರ ಸಹಪಾಠಿ.

ಆಗಿನ ಮುಂಬಯಿ ಪ್ರಾಂತದ ವಿಸ್ತಾರವನ್ನು ನೆನಪಿಡಬೇಕು. ನಾಶಿಕ, ಪುಣೆಗಳ ಜೊತೆಗೆ ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡಗಳೂ ಅದೇ ವಿಶ್ವವಿದ್ಯಾಲಯದ ನೆರಳಿನಲ್ಲಿದ್ದವು. ಹೀಗಾಗಿ ಮರಾಠಿಯ ವಿದ್ಯಾರ್ಥಿಗೆ ಒದಗಿದ ಗತಿಯೇ ಕನ್ನಡದ ವಿದ್ಯಾರ್ಥಿಗೂ ಒದಗಿತು. ಮೊದಲ ಕೆಲವು ವರ್ಷ ಇಂಗ್ಲಿಷಿನ ಜೊತೆಗೆ ಎರಡನೆಯ ಭಾಷೆಯಾಗಿ ದೇಶಭಾಷೆಯೊಂದನ್ನು ಆರಿಸಿಕೊಳ್ಳುವ ಅವಕಾಶವಿತ್ತು. 1860ರ ದಶಕದ ಆರಂಭದಲ್ಲಿ ಗಾಳಿ ತಿರುಗಿತು. ದೇಶಭಾಷೆಗಳಲ್ಲಿ ಕಾಲೇಜಿನಲ್ಲಿ ಓದತಕ್ಕಂಥ ಸಾಹಿತ್ಯವಿಲ್ಲ, ಬುದ್ಧಿಗೆ ಶಿಸ್ತು ಬರಬೇಕಾದರೆ ಸಂಸ್ಕೃತ, ಲ್ಯಾಟಿನ್, ಪಾರಸಿಯಂಥ ಶಾಸ್ತ್ರೀಯ ಭಾಷೆಯೇ ಬೇಕು ಎಂಬ ವಾದ ಗೆದ್ದು, ಮೇಲಿನ ಪರೀಕ್ಷೆಗಳಿಂದ ಮರಾಠಿ, ಗುಜರಾತಿ, ಕನ್ನಡಗಳು ಹೊರಬಿದ್ದವು.

ಯಾರೂ ಈ ಭಾಷೆಗಳನ್ನು ನಿಷೇಧಿಸಲಿಲ್ಲ, ಮನೆಯಲ್ಲಿ ಮಾತನಾಡಬೇಡಿ ಎನ್ನಲಿಲ್ಲ, ಪುಸ್ತಕ ಬರೆಯಬೇಡಿ ಎಂದೂ ಹೇಳಲಿಲ್ಲ. ಅಂಕವನ್ನು ಮಾತ್ರ ಹಿಂದಕ್ಕೆ ತೆಗೆದುಕೊಂಡರು. ಮೇಲಿನ ಮೆಟ್ಟಿಲಲ್ಲಿ ಬೇಡವಾದ ಭಾಷೆಯನ್ನು ಕೆಳಗಿನ ಮೆಟ್ಟಿಲಲ್ಲಿ ಶ್ರಮಪಟ್ಟು ಓದುವ ಹುಡುಗನಾದರೂ ಯಾರು? ಧಾರವಾಡದ ಬಡ ಶಾಲಾಮಾಸ್ತರರ ಮಗ ಇದ್ದ ಎಣ್ಣೆಯನ್ನೆಲ್ಲ ಇಂಗ್ಲಿಷಿಗೂ ಸಂಸ್ಕೃತಕ್ಕೂ ಸುಟ್ಟ. ಅದು ಅವನ ತಪ್ಪೂ ಅಲ್ಲ. ಕಾಲೇಜು ಏನನ್ನು ಎಣಿಸುತ್ತದೆಯೋ ಅದನ್ನು ಕಲಿಯುವುದು ವಿದ್ಯಾರ್ಥಿಯ ವಿವೇಕ.

ರಾನಡೆಯವರ ಜೀವನಚರಿತ್ರೆಗಳಲ್ಲಿ ಬರುವ ಒಂದು ಪ್ರಸಂಗವನ್ನು ಇಲ್ಲಿ ನೆನೆಯಬೇಕು. ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದುತ್ತಿದ್ದಾಗ ಅವರು ಬರೆದ ಒಂದು ಪ್ರಬಂಧದಲ್ಲಿ ಬ್ರಿಟಿಷರ ಆಳ್ವಿಕೆಯನ್ನು ಮರಾಠರ ಆಳ್ವಿಕೆಯೊಡನೆ ಹೋಲಿಸಿ, ಬ್ರಿಟಿಷರಿಗೆ ಪ್ರತಿಕೂಲವಾದ ಮಾತನ್ನಾಡಿದ್ದರಂತೆ. ಪ್ರಿನ್ಸಿಪಾಲರಾಗಿದ್ದ ಸರ್ ಅಲೆಕ್ಸಾಂಡರ್ ಗ್ರಾಂಟ್ ಹುಡುಗನನ್ನು ಕರೆಸಿ, ನಿನಗೆ ವಿದ್ಯೆ ಕೊಡುತ್ತಿರುವ ಸರ್ಕಾರವನ್ನು ಹೀಗೆ ಹಳಿಯಬಾರದೆಂದು ಬುದ್ಧಿ ಹೇಳಿದ್ದಲ್ಲದೆ ಆರು ತಿಂಗಳ ವಿದ್ಯಾರ್ಥಿವೇತನವನ್ನೂ ತಡೆಹಿಡಿದರು. ಗ್ರಾಂಟ್ ಕೆಟ್ಟ ಅಧ್ಯಾಪಕರೇನಲ್ಲ. ರಾನಡೆಯವರ ಪ್ರತಿಭೆಯನ್ನು ಗುರುತಿಸಿದವರಲ್ಲಿ ಅವರೂ ಒಬ್ಬರು. ಆದರೆ ಪ್ರಬಂಧವೆಂಬುದು ಗಣಿತದ ಉತ್ತರದಂತೆ ಸರಿ ತಪ್ಪುಗಳ ನಡುವೆ ಸುಮ್ಮನೆ ಕೂರುವಂಥದ್ದಲ್ಲವೆಂಬುದು ಈ ಪ್ರಸಂಗದಿಂದ ತಿಳಿಯುತ್ತದೆ. ಓದುವವನಿಗೆ ಒಂದು ಮನಸ್ಸಿದೆ, ಒಂದು ಅಧಿಕಾರವಿದೆ. ಪ್ರಬಂಧಕ್ಕೆ ಅಂಕ ಕೊಡುವುದರ ತೊಡಕೆಲ್ಲ ಅಲ್ಲಿಂದಲೇ ಹುಟ್ಟುತ್ತದೆ. ಇದರ ಕಡೆಗೆ ಮುಂದೆ ಮತ್ತೆ ಬರುತ್ತೇವೆ.

ಮುಂದೆ ಮುಂಬಯಿ ಹೈಕೋರ್ಟಿನ ನ್ಯಾಯಮೂರ್ತಿಯಾದ ಮೇಲೆ, 1890ರ ದಶಕದಲ್ಲಿ, ರಾನಡೆಯವರು ದೇಶಭಾಷೆಗಳನ್ನು ವಿಶ್ವವಿದ್ಯಾಲಯಕ್ಕೆ ಮರಳಿ ತರುವ ಪ್ರಯತ್ನಕ್ಕಿಳಿದರು. ಇದಕ್ಕಾಗಿ ಮರಾಠಿ ಸಾಹಿತ್ಯದ ಬೆಳವಣಿಗೆಯ ಬಗೆಗೆ 1898ರಲ್ಲಿ ಒಂದು ಟಿಪ್ಪಣಿಯನ್ನೇ ಸಿದ್ಧಪಡಿಸಿದರು. ‘ಈ ಭಾಷೆಯಲ್ಲಿ ಓದಲು ಏನಿದೆ?’ ಎಂಬ ಹಳೆಯ ಆಕ್ಷೇಪಕ್ಕೆ ಅವರು ಭಾವುಕರಾಗಿ ಉತ್ತರಿಸಲಿಲ್ಲ. ಅಚ್ಚಾದ ಪುಸ್ತಕಗಳ ಲೆಕ್ಕವನ್ನು ಮುಂದಿಟ್ಟರು. ವಿಶ್ವವಿದ್ಯಾಲಯದಿಂದ ಹೊರಬಂದ ಪದವೀಧರರು ತಮ್ಮ ಭಾಷೆಗೆ ಸಲ್ಲಿಸಬೇಕಾದಷ್ಟನ್ನು ಸಲ್ಲಿಸಿಲ್ಲವೆಂಬ ಕೊರಗು ಅವರಿಗಿತ್ತು. ಅದೇ ಕಾಲಕ್ಕೆ ಕಲ್ಕತ್ತೆಯಲ್ಲಿಯೂ ಇದೇ ಜಗಳ. ಅಲ್ಲಿ ಆಶುತೋಷ ಮುಖರ್ಜಿ 1891ರಲ್ಲಿ ದೇಶಭಾಷೆಯ ಪರವಾಗಿ ತಂದ ಸೂಚನೆಗೆ ಬಹುಮತ ಸಿಗಲಿಲ್ಲ. ಅವರೇ ಉಪಕುಲಪತಿಗಳಾದ ಮೇಲೆ 1906ರ ಹೊಸ ನಿಯಮಗಳಲ್ಲಿ ದೇಶಭಾಷಾ ರಚನೆಗೆ ಸ್ಥಾನ ದೊರೆಯಿತು. ಮುಂಬಯಿಯಲ್ಲಿ ಎಂ.ಎ. ಮಟ್ಟದಲ್ಲಿ ದೇಶಭಾಷೆಗಳಿಗೆ ಬಾಗಿಲು ತೆರೆದದ್ದು 1901ರಲ್ಲಿ. ರಾನಡೆಯವರು ತೀರಿಕೊಂಡದ್ದೂ ಅದೇ ವರ್ಷ, ಜನವರಿ 16ರಂದು. ಅದರ ಫಲವನ್ನು ಉಂಡವರು ಮುಂದಿನವರು. ಒಂದು ವಿಚಿತ್ರವನ್ನು ಗಮನಿಸಬೇಕು: ಬಾಗಿಲು ತೆರೆದದ್ದು ಮೇಲಿನ ಅಂತಸ್ತಿನಲ್ಲಿ. ಕೆಳಗಿನ ಮೆಟ್ಟಿಲುಗಳಲ್ಲಿ ಭಾಷೆಯನ್ನು ಬಿಟ್ಟು ಬಂದವನಿಗೆ ಎಂ.ಎ.ಯಲ್ಲಿ ಅದನ್ನು ಕೊಟ್ಟರೆ ಅವನು ಎಷ್ಟರಮಟ್ಟಿಗೆ ಬರೆದಾನು?

ಅಂಕವಿಲ್ಲದ ಆ ನಡುಗಾಲದಲ್ಲಿ ಕನ್ನಡ ಹೇಗೆ ಉಳಿಯಿತು? 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು, ರಾ.ಹ. ದೇಶಪಾಂಡೆಯವರು ಅದರ ಜೀವಾಳ. ಒಳ್ಳೆಯ ಕನ್ನಡ ಪುಸ್ತಕ ಬರೆದವರಿಗೆ ಬಹುಮಾನ ಕೊಡುವುದನ್ನು ಆ ಸಂಘ ತನ್ನ ಮೊದಲ ಕೆಲಸಗಳಲ್ಲೊಂದಾಗಿ ಇಟ್ಟುಕೊಂಡಿತು. 1896ರಲ್ಲಿ ‘ವಾಗ್ಭೂಷಣ’ವೆಂಬ ಪತ್ರಿಕೆಯನ್ನೂ ಆರಂಭಿಸಿತು. ವಿಶ್ವವಿದ್ಯಾಲಯ ಅಂಕ ಕೊಡದಿದ್ದ ಕಡೆ ಸಂಘ ಬಹುಮಾನ ಕೊಟ್ಟಿತು. ಪರೀಕ್ಷಕ ಓದದ ಪ್ರಬಂಧವನ್ನು ಪತ್ರಿಕೆ ಅಚ್ಚು ಹಾಕಿತು. ಮರಾಠಿಯಲ್ಲಿ ವಿಷ್ಣುಶಾಸ್ತ್ರೀ ಚಿಪಳೂಣಕರರು ಇದನ್ನು ಹದಿನಾರು ವರ್ಷ ಮೊದಲೇ, 1874ರಲ್ಲಿ, ‘ನಿಬಂಧಮಾಲಾ’ದ ಮೂಲಕ ಆರಂಭಿಸಿದ್ದರು.

ಮಾತಿನ ಮಧ್ಯೆ ಒಂದು ಸಣ್ಣ ಟಿಪ್ಪಣಿ. ನಮ್ಮಲ್ಲಿ ಶಾಲೆಯ ಹುಡುಗ ಬರೆಯುವುದು ‘ಪ್ರಬಂಧ’. ಮರಾಠಿಯಲ್ಲಿ ಅದು ‘ನಿಬಂಧ’, ‘ಪ್ರಬಂಧ’ವೆಂದರೆ ಪಿಎಚ್.ಡಿ.ಗೆ ಬರೆಯುವ ದೊಡ್ಡ ಗ್ರಂಥ. ನಾಶಿಕದ ಕಡೆ ಬೆಳೆಯುವ ನಮ್ಮ ಮಗುವೊಂದು ಶಾಲೆಯಲ್ಲಿ ‘ಇವತ್ತು ಪ್ರಬಂಧ ಬರೆದೆ’ ಎಂದರೆ ಮರಾಠಿ ಮಾಸ್ತರರು ಬೆಚ್ಚಿಬೀಳುವುದು ಸಹಜ.

ಇನ್ನು ಪ್ರಶ್ನೆಯ ಇನ್ನೊಂದು ಮುಖವನ್ನು ನೋಡೋಣ. ಐಚ್ಛಿಕ ಪ್ರಬಂಧ ವಿಭಾಗವನ್ನು ಬಹು ದೊಡ್ಡ ಪ್ರಮಾಣದಲ್ಲಿ, ಲೆಕ್ಕವಿಟ್ಟು ಪ್ರಯೋಗ ಮಾಡಿದ ನಾಡೆಂದರೆ ಅಮೆರಿಕ. ನಮ್ಮ ಬಂಧುಗಳ ಮಕ್ಕಳು ಅನೇಕರು ಅಲ್ಲಿಯ ಸ್ಯಾಟ್, ಎಸಿಟಿ ಪರೀಕ್ಷೆಗಳನ್ನು ಬರೆಯುವುದರಿಂದ ಈ ಹೆಸರುಗಳು ನಮಗೆ ಅಪರಿಚಿತವಲ್ಲ. ಅಲ್ಲಿಯ ಕಾಲೇಜ್ ಬೋರ್ಡ್ 1901ರಲ್ಲಿ, ಎಂದರೆ ರಾನಡೆಯವರು ತೀರಿಕೊಂಡ ವರ್ಷವೇ, ತನ್ನ ಮೊದಲ ಪ್ರವೇಶ ಪರೀಕ್ಷೆಗಳನ್ನು ನಡೆಸಿತು. ಆಗ ಎಲ್ಲವೂ ಬರೆದು ಉತ್ತರಿಸುವ ಪ್ರಶ್ನೆಗಳೇ. 1926ರಲ್ಲಿ ಗುರುತು ಹಾಕಿ ಉತ್ತರಿಸುವ ಸ್ಯಾಟ್ ಬಂದಿತು. ಎರಡನೆಯ ಮಹಾಯುದ್ಧದ ಗದ್ದಲದಲ್ಲಿ, 1942ರಲ್ಲಿ, ಹಳೆಯ ಪ್ರಬಂಧ ಪರೀಕ್ಷೆಗಳನ್ನು ಕೈಬಿಟ್ಟರು.

ಕೈಬಿಡಲು ಅವಸರ ಒಂದೇ ಕಾರಣವಲ್ಲ. ಪ್ರಬಂಧಕ್ಕೆ ನೆಚ್ಚಬಹುದಾದ ಅಂಕ ಕೊಡುವುದು ಹೇಗೆಂಬುದು ಯಾರಿಗೂ ಬಗೆಹರಿದಿರಲಿಲ್ಲ. 1961ರಲ್ಲಿ ಪಾಲ್ ಡೀಡ್ರಿಕ್ ಮತ್ತು ಸಂಗಡಿಗರು ಮಾಡಿದ ಅಧ್ಯಯನ ಈ ವಿಷಯದಲ್ಲಿ ಪ್ರಸಿದ್ಧವಾದುದು. ವಿದ್ಯಾರ್ಥಿಗಳ 300 ಪ್ರಬಂಧಗಳನ್ನು ಬೇರೆ ಬೇರೆ ವೃತ್ತಿಗಳ 53 ಮಂದಿ ಓದುಗರಿಗೆ ಕೊಟ್ಟು, 9 ದರ್ಜೆಗಳಲ್ಲಿ ವಿಂಗಡಿಸಲು ಹೇಳಿದರು. ನೂರಕ್ಕೆ 94 ಪ್ರಬಂಧಗಳಿಗೆ ಏಳು ಅಥವಾ ಅದಕ್ಕಿಂತ ಹೆಚ್ಚು ಬೇರೆ ಬೇರೆ ದರ್ಜೆಗಳು ಬಂದವು. ಒಬ್ಬನಿಗೆ ಚಿನ್ನವಾದದ್ದು ಇನ್ನೊಬ್ಬನಿಗೆ ಹಿತ್ತಾಳೆ. ಗ್ರಾಂಟರ ಮುಂದೆ ನಿಂತ ರಾನಡೆಯವರ ಪ್ರಸಂಗಕ್ಕೆ ಅಂಕಿಸಂಖ್ಯೆಯ ರೂಪ ಕೊಟ್ಟರೆ ಹೀಗೆಯೇ ಕಾಣುತ್ತದೇನೋ.

1960ರ ದಶಕದಲ್ಲಿ ಅಲ್ಲಿ ಕೆಲವು ವರ್ಷ ಒಂದು ಸ್ವಾರಸ್ಯದ ಏರ್ಪಾಡಿತ್ತು. ವಿದ್ಯಾರ್ಥಿ ಒಂದು ಗಂಟೆ ಕೂತು ಪ್ರಬಂಧ ಬರೆಯುತ್ತಿದ್ದ. ಬೋರ್ಡು ಅದಕ್ಕೆ ಅಂಕವನ್ನೇ ಕೊಡದೆ ಪ್ರತಿಗಳನ್ನು ಕಾಲೇಜುಗಳಿಗೆ ಕಳುಹಿಸುತ್ತಿತ್ತು. ಓದಿ ತೀರ್ಮಾನಿಸುವ ಹೊಣೆ ಕಾಲೇಜಿನದು. ನಮಗಂತೂ ಇದು ಅತ್ಯಂತ ಪ್ರಾಮಾಣಿಕವಾದ ಕ್ರಮವೆಂದು ತೋರುತ್ತದೆ. ಆದರೆ ಅಂಕವಿಲ್ಲದ ಬರಹಕ್ಕೆ ಪುರುಸೊತ್ತು ಯಾರಿಗಿದೆ? 1968ರ ವೇಳೆಗೆ ಅದು ನಿಂತಿತು.

2001ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಅಧ್ಯಕ್ಷ ರಿಚರ್ಡ್ ಅಟ್ಕಿನ್ಸನ್ ತಮ್ಮ ವಿಶ್ವವಿದ್ಯಾಲಯಕ್ಕೆ ಸ್ಯಾಟ್ ಬೇಡವೆಂದು ಸೂಚಿಸಿದರು. ಅಷ್ಟು ದೊಡ್ಡ ಗಿರಾಕಿ ಕೈತಪ್ಪುವುದನ್ನು ಬೋರ್ಡು ನೋಡುತ್ತ ಕೂರಲಾರದು. 2005ರ ಮಾರ್ಚಿನಿಂದ ಸ್ಯಾಟ್‌ನಲ್ಲಿ 25 ನಿಮಿಷದ ಕಡ್ಡಾಯ ಪ್ರಬಂಧ ಸೇರಿತು. ಒಟ್ಟು ಅಂಕ 1600ರಿಂದ 2400ಕ್ಕೆ ಏರಿತು. ಬರವಣಿಗೆ ವಿಭಾಗದ 800ರಲ್ಲಿ ಸುಮಾರು ಮೂರನೆಯ ಒಂದು ಪಾಲು ಪ್ರಬಂಧದ್ದು. ಎಂಐಟಿಯ ಲೆಸ್ ಪೆರೆಲ್‌ಮನ್ ಎಂಬ ಅಧ್ಯಾಪಕರು ಬೋರ್ಡು ಪ್ರಕಟಿಸಿದ ಮಾದರಿ ಪ್ರಬಂಧಗಳನ್ನು ಹರಡಿಕೊಂಡು ಪದಗಳನ್ನು ಎಣಿಸಿದರು. ಉದ್ದ ಹೆಚ್ಚಿದಂತೆ ಅಂಕ ಹೆಚ್ಚುತ್ತಿತ್ತು. ಇತಿಹಾಸದ ತಪ್ಪುಗಳನ್ನು ಬರೆದರೂ ಅಂಕ ಕಡಿಮೆಯಾಗುತ್ತಿರಲಿಲ್ಲ. ಕಡ್ಡಾಯ ಮಾಡಿದೊಡನೆ ಬರವಣಿಗೆ ಬೆಳೆಯುತ್ತದೆಂದು ನಂಬುವವರು ಈ ಸಂಗತಿಯನ್ನು ಮರೆಯಬಾರದು. ನಮ್ಮ ಗೈಡುಗಳಲ್ಲಿ ‘ನನ್ನ ಮೆಚ್ಚಿನ ಹಬ್ಬ’, ‘ವಿಜ್ಞಾನ ವರವೋ ಶಾಪವೋ’ ಎಂಬ ತಯಾರಿ ಪ್ರಬಂಧಗಳನ್ನು ಬಾಯಿಪಾಠ ಮಾಡಿ ಬೆಳೆದ ನಮಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

2016ರಲ್ಲಿ ಸ್ಯಾಟ್ ಮತ್ತೆ 1600ಕ್ಕೆ ಇಳಿಯಿತು, ಪ್ರಬಂಧ ಐಚ್ಛಿಕವಾಯಿತು. ಅವಧಿ 50 ನಿಮಿಷ. ಓದಿನ ಗ್ರಹಿಕೆ, ವಿಶ್ಲೇಷಣೆ, ಬರವಣಿಗೆ ಎಂದು ಮೂರು ಬಗೆಯಾಗಿ 2ರಿಂದ 8ರವರೆಗೆ ಅಂಕ. ಅದು ಒಟ್ಟು ಮೊತ್ತಕ್ಕೆ ಸೇರುವುದಿಲ್ಲ. ಐಚ್ಛಿಕ ಪ್ರಬಂಧದಿಂದ ಅಂಕ ಏರುತ್ತದೆಯೇ ಎಂದು ಕೇಳಿದರೆ ನಿಯಮದ ಪ್ರಕಾರ ಉತ್ತರ ಸುಲಭ: ಒಂದು ಅಂಕವೂ ಏರುವುದಿಲ್ಲ, ಇಳಿಯುವುದಿಲ್ಲ. ಹಾಗಾದರೆ ಬರೆಯುವವರು ಯಾರು? ತಾನು ಸೇರಬಯಸುವ ಕಾಲೇಜು ಕೇಳಿದರೆ ಬರೆಯುವ ವಿದ್ಯಾರ್ಥಿ, ಬರೆದರೆ ಒಳ್ಳೆಯದೆಂದು ಶಾಲೆಯಲ್ಲಿ ಹೇಳಿಸಿಕೊಂಡ ವಿದ್ಯಾರ್ಥಿ, ಹೆಚ್ಚಿನ ಶುಲ್ಕ ಕಟ್ಟಬಲ್ಲ ಮನೆಯ ವಿದ್ಯಾರ್ಥಿ. ಐಚ್ಛಿಕ ವಿಭಾಗದ ಅಂಕಗಳನ್ನು ಓದುವಾಗ ನಾವು ಎಡವುವುದು ಇಲ್ಲಿಯೇ. ಪ್ರಬಂಧ ಬರೆದವರ ಒಟ್ಟು ಅಂಕ ಬರೆಯದವರಿಗಿಂತ ಹೆಚ್ಚಿದ್ದರೆ, ಪ್ರಬಂಧ ಬರೆದದ್ದರಿಂದ ಅಂಕ ಹೆಚ್ಚಿತೆಂದು ಅರ್ಥವಾಗುವುದಿಲ್ಲ. ಮೊದಲೇ ಮುಂದಿದ್ದವರು ಬರೆಯಲು ಕುಳಿತರೆಂದೂ ಇರಬಹುದು. ಎತ್ತರದ ಕೊಂಬೆಯ ಹಣ್ಣನ್ನು ಕೀಳಲು ಹೋಗುವವರು ಉದ್ದ ಕೈಯವರು. ಹಣ್ಣು ಕಿತ್ತದ್ದರಿಂದ ಅವರ ಕೈ ಉದ್ದವಾಗಲಿಲ್ಲ.

ಎಸಿಟಿಯ ಕಥೆ ಇನ್ನೂ ವಿನೋದದ್ದು. ಅದರ ಬರವಣಿಗೆ ಪರೀಕ್ಷೆ 2005ರಲ್ಲಿ ಬಂದಾಗಿನಿಂದಲೂ ಐಚ್ಛಿಕ. 2015ರಲ್ಲಿ ಅದರ ಅಂಕವನ್ನು ಇತರ ವಿಷಯಗಳಂತೆಯೇ 1ರಿಂದ 36ರ ಅಳತೆಗೆ ತಂದರು. ಅಳತೆಗೋಲು ಒಂದೇ ರೀತಿ ಕಂಡದ್ದರಿಂದ ಮಕ್ಕಳೂ ಪೋಷಕರೂ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರು. ಉಳಿದ ವಿಷಯಗಳಲ್ಲಿ ಮೂವತ್ತು ದಾಟಿದವರಿಗೆ ಪ್ರಬಂಧದಲ್ಲಿ ಇಪ್ಪತ್ತರ ಸುತ್ತ ಬಂದಿದೆಯೆಂದು ಗೊಂದಲವೆದ್ದಿತು. ಒಂದೇ ವರ್ಷದಲ್ಲಿ ಆ ಅಳತೆಯನ್ನು ಬಿಟ್ಟು 2ರಿಂದ 12ಕ್ಕೆ ಮರಳಿದರು. 2018ರ ಹೊತ್ತಿಗೆ ಹಾರ್ವರ್ಡ್, ಯೇಲ್‌ಗಳಂಥ ವಿಶ್ವವಿದ್ಯಾಲಯಗಳೇ ಈ ಪ್ರಬಂಧದ ಅಂಕ ತಮಗೆ ಬೇಡವೆಂದವು. 2021ರಲ್ಲಿ ಸ್ಯಾಟ್‌ನ ಐಚ್ಛಿಕ ಪ್ರಬಂಧ ಮುಗಿಯಿತು. ಮೊದಲು ಕೇಳುವವರು ಹೋದರು, ಆಮೇಲೆ ಬರೆಯುವವರು, ಕೊನೆಗೆ ಪತ್ರಿಕೆ. 1860ರ ದಶಕದ ಮುಂಬಯಿಯಲ್ಲಿ ದೇಶಭಾಷೆಗಳಿಗೆ ಆದದ್ದೂ ಈ ಅನುಕ್ರಮದಲ್ಲಿಯೇ. ಸ್ವತಂತ್ರ ಭಾರತದಲ್ಲಿ ಐಐಟಿ ಪ್ರವೇಶ ಪರೀಕ್ಷೆಯ ಇಂಗ್ಲಿಷ್ ಪತ್ರಿಕೆಯೂ ಇದೇ ದಾರಿ ಹಿಡಿಯಿತು: ಮೊದಲು ಅದರ ಅಂಕವನ್ನು ಶ್ರೇಯಾಂಕದ ಲೆಕ್ಕದಿಂದ ತೆಗೆದರು, 1980ರ ದಶಕದ ಕೊನೆಗೆ ಪತ್ರಿಕೆಯನ್ನೇ ತೆಗೆದರು.

ಮತ್ತೆ ನಿಫಾಡ್ ತಾಲ್ಲೂಕಿಗೆ ಬರೋಣ. 1949ರಲ್ಲಿ ಹಳೆಯ ಮುಂಬಯಿ ವಿಶ್ವವಿದ್ಯಾಲಯದ ಸೀಮೆ ಒಡೆಯಿತು. ಪುಣೆ ವಿಶ್ವವಿದ್ಯಾಲಯ, ಕರ್ನಾಟಕ ವಿಶ್ವವಿದ್ಯಾಲಯ ಎರಡೂ ಹುಟ್ಟಿದ್ದು ಆ ವರ್ಷವೇ. ಅಲ್ಲಿಯವರೆಗೆ ಒಂದೇ ಪರೀಕ್ಷೆಯ ಕೆಳಗಿದ್ದ ನಾಶಿಕದ ಹುಡುಗನೂ ಧಾರವಾಡದ ಹುಡುಗನೂ ಬೇರೆ ಬೇರೆ ಬಾಗಿಲುಗಳ ಮುಂದೆ ನಿಂತರು. ಕನ್ನಡದ ಕುಟುಂಬಗಳು ಮಾತ್ರ ಗಡಿಯ ಈಚೆಗೂ ಬರುತ್ತಲೇ ಇದ್ದವು. ಪಿಂಪಳಗಾಂವ್‌ಗೆ ಸಮೀಪದ ಓಝರ್‌ನಲ್ಲಿ 1964ರಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ವಿಮಾನ ಕಾರ್ಖಾನೆ ನೆಲೆಯೂರಿತು; ಆ ಸಂಸ್ಥೆಯ ತಾಯಿಬೇರು ಬೆಂಗಳೂರಿನಲ್ಲಿ. ಬ್ಯಾಂಕುಗಳ ವರ್ಗಾವಣೆ, ವ್ಯಾಪಾರ, ಉಡುಪಿ ಹೋಟೆಲುಗಳ ದುಡಿಮೆ, ಹೀಗೆ ಒಬ್ಬೊಬ್ಬರನ್ನು ಒಂದೊಂದು ಕಾರಣ ಈ ಕಡೆಗೆ ತಂದಿದೆ.

ಇಲ್ಲಿಯ ಮಗುವಿಗೆ ಶಾಲೆಯಲ್ಲಿ ಮರಾಠಿ, ಹಿಂದಿ, ಇಂಗ್ಲಿಷ್. ಮಹಾರಾಷ್ಟ್ರದಲ್ಲಿ 2020ರ ಕಾಯಿದೆಯಿಂದ ಎಲ್ಲ ಬೋರ್ಡುಗಳ ಶಾಲೆಗಳಲ್ಲಿಯೂ ಮರಾಠಿ ಕಡ್ಡಾಯ. ನೆಲದ ಭಾಷೆಗೆ ಸಲ್ಲಬೇಕಾದ ಮರ್ಯಾದೆ ಅದು, ಅದರ ಬಗೆಗೆ ನಮ್ಮ ದೂರಿಲ್ಲ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದಂಥ ಕಡೆ ಕನ್ನಡ ಶಾಲೆಗಳುಂಟು. ಬೇಂದ್ರೆಯವರು 1944ರಿಂದ 1956ರವರೆಗೆ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಕಲಿಸಿದ್ದರು. ಗೋದಾವರಿಯ ಈ ಸೀಮೆಗೆ ಆ ಭಾಗ್ಯವಿಲ್ಲ. ಕನ್ನಡದ ಅಕ್ಷರ ಇಲ್ಲಿ ಅಜ್ಜಿಯ ಕೈಬರಹದಿಂದ, ವಾರಕ್ಕೊಮ್ಮೆ ಸಂಘದ ಮನೆಪಾಠದಿಂದ ಬರಬೇಕು.

ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ಭಾಷೆಯ ಸ್ಥಾನ ಏನೆಂಬುದನ್ನು ಮಹಾರಾಷ್ಟ್ರ ಬೇರೆ ರೀತಿಯಲ್ಲಿ ಪರೀಕ್ಷಿಸಿದೆ. ಹನ್ನೊಂದನೆಯ ತರಗತಿಯನ್ನು ಇಲ್ಲಿ ‘ಜೂನಿಯರ್ ಕಾಲೇಜು’ ಎನ್ನುತ್ತಾರೆ. ಅದರ ಪ್ರವೇಶ ಎಸ್.ಎಸ್.ಸಿ. ಅಂಕದ ಮೇಲೆ. 2010ರಲ್ಲಿ ರಾಜ್ಯ ಸರ್ಕಾರ ಆರು ವಿಷಯಗಳಲ್ಲಿ ಉತ್ತಮವಾದ ಐದನ್ನು ಮಾತ್ರ ಎಣಿಸುವ ಕ್ರಮವನ್ನು ತಂದಿತು. ಇತರ ಬೋರ್ಡುಗಳ ಪೋಷಕರು ಪ್ರಶ್ನಿಸಿದರು. ಹೈಕೋರ್ಟು ಕ್ರಮವನ್ನು ರದ್ದುಮಾಡಿತು. ಅದೇ ವರ್ಷ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಲೆಕ್ಕವನ್ನೊಂದು ಊಹೆಯಿಂದ ನೋಡೋಣ. ಒಬ್ಬ ಹುಡುಗನಿಗೆ ಗಣಿತ 92, ವಿಜ್ಞಾನ 90, ಸಮಾಜ 85, ಹಿಂದಿ 74, ಇಂಗ್ಲಿಷ್ 71, ಮರಾಠಿ 68 ಎಂದಿಟ್ಟುಕೊಳ್ಳಿ. ಆರನ್ನೂ ಎಣಿಸಿದರೆ ಶೇಕಡ 80. ಐದನ್ನು ಎಣಿಸಿದರೆ ಶೇಕಡ 82.4. ಲೆಕ್ಕದಿಂದ ಜಾರಿದ್ದು ಮರಾಠಿ. ಪ್ರಬಂಧ ಬರೆಯಬೇಕಾದ ವಿಷಯಗಳಲ್ಲಿ ಪೂರ್ಣಾಂಕ ಸಿಗುವುದು ಅಪರೂಪವಾದ್ದರಿಂದ ಅನೇಕರ ಪಾಲಿಗೆ ಜಾರುವುದು ಯಾವುದಾದರೊಂದು ಭಾಷೆಯೇ. ನಿಯಮದಲ್ಲಿ ಭಾಷೆ ಐಚ್ಛಿಕವಾಗಲಿಲ್ಲ, ಉತ್ತೀರ್ಣನಾಗಲೇಬೇಕು. ಅಂಕದ ಲೆಕ್ಕದಲ್ಲಿ ಮಾತ್ರ ಐಚ್ಛಿಕವಾಯಿತು. ಮಾಸ್ತರರೂ ಮಕ್ಕಳೂ ಪಾಠ ಕಲಿಯುವುದು ನಿಯಮದಿಂದಲ್ಲ, ಲೆಕ್ಕದಿಂದ.

ಕರ್ನಾಟಕದ ಕಡೆ ನೋಡಿದರೆ ಚಿತ್ರ ಇನ್ನೊಂದು. 1994ರಿಂದ ಅಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ, ಎಂದರೆ ಸಿಇಟಿ, ನಡೆಯುತ್ತಿದೆ. ಎಂಜಿನಿಯರಿಂಗ್ ಶ್ರೇಯಾಂಕಕ್ಕೆ ಪಿಯುಸಿಯ ವಿಜ್ಞಾನ ವಿಷಯಗಳ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಪಿಯುಸಿಯಲ್ಲಿ ಓದಿದ ಕನ್ನಡದ ಅಂಕ ಎರಡರಲ್ಲಿಯೂ ಇಲ್ಲ. ಬೆಂಗಳೂರಿನಲ್ಲಿಯೇ ಹುಟ್ಟಿ ಬೆಳೆದ ವಿದ್ಯಾರ್ಥಿ ಕನ್ನಡದ ಒಂದು ವಾಕ್ಯವನ್ನೂ ಬರೆಯದೆ ರಾಜ್ಯಕ್ಕೆ ಮೊದಲಿಗನಾಗಬಹುದು. ಆದರೆ ಗಡಿನಾಡು ಮತ್ತು ಹೊರನಾಡು ಕನ್ನಡಿಗರೆಂದು ಪ್ರವೇಶ ಬಯಸುವವರಿಗೆ ಅದೇ ಸಂದರ್ಭದಲ್ಲಿ ಕನ್ನಡ ಭಾಷಾ ಪರೀಕ್ಷೆಯೊಂದಿದೆ. 50 ಅಂಕದ ಪತ್ರಿಕೆ. 12 ಅಂಕ ಬಂದರೆ ಅರ್ಹತೆ. ಹನ್ನೆರಡು ಬಂದವನೂ ನಲವತ್ತೆಂಟು ಬಂದವನೂ ಶ್ರೇಯಾಂಕದಲ್ಲಿ ಸಮಾನರು. ಎಂದರೆ ಇಡೀ ಪ್ರವೇಶ ವ್ಯವಸ್ಥೆಯಲ್ಲಿ ಕನ್ನಡವನ್ನು ಬಲ್ಲೆನೆಂದು ರುಜುವಾತು ಮಾಡಬೇಕಾದವರು ಕರ್ನಾಟಕದ ಹೊರಗಿನ ಕನ್ನಡಿಗರು.

ಇದನ್ನು ಅನ್ಯಾಯವೆಂದು ಕೆಲವರು ನಮ್ಮಲ್ಲಿ ಹೇಳುವುದುಂಟು. ನಾವು ಅಷ್ಟು ದೂರ ಹೋಗುವುದಿಲ್ಲ. ಕನ್ನಡಿಗರ ಹೆಸರಿನ ಮೀಸಲು ಪಡೆಯುವವರು ಕನ್ನಡ ಬಲ್ಲವರಾಗಿರಲಿ ಎನ್ನುವುದು ನ್ಯಾಯವೇ. ನಮ್ಮ ತಕರಾರು ಹನ್ನೆರಡು ಎಂಬ ಸಂಖ್ಯೆಯ ಮೇಲೆ. ಹನ್ನೆರಡಕ್ಕೆ ಓದುವ ಮಗು ಹನ್ನೆರಡಕ್ಕೇ ಓದುತ್ತದೆ. ಸಂಘದ ಮನೆಪಾಠಕ್ಕೆ ಮಗುವನ್ನು ಕಳುಹಿಸುವ ತಾಯಿ ‘ಪಾಸಾಗುವಷ್ಟು ಹೇಳಿಕೊಡಿ, ಸಾಕು’ ಎಂದರೆ ಅವರನ್ನು ದೂರುವಂತಿಲ್ಲ. ಮಗುವಿನ ಮುಂದೆ ಭೌತಶಾಸ್ತ್ರದ ಬೆಟ್ಟವಿದೆ. ಹಾಗೆ ಕಲಿತ ಕನ್ನಡ ಅಕ್ಷರ ಗುರುತಿಸುವಲ್ಲಿಗೆ, ಪದಕ್ಕೆ ಅರ್ಥ ಹೇಳುವಲ್ಲಿಗೆ ನಿಲ್ಲುತ್ತದೆ. ಒಂದು ವಿಷಯವನ್ನು ಹಿಡಿದು ಎರಡು ಪುಟ ಬರೆಯುವ ಕಸುವು ಅದರಿಂದ ಬರುವುದಿಲ್ಲ. ಕೇಂದ್ರೀಯ ವಿಶ್ವವಿದ್ಯಾಲಯಗಳಿಗಾಗಿ 2022ರಲ್ಲಿ ಆರಂಭವಾದ ಸಿಯುಇಟಿಯಲ್ಲಿ ಕನ್ನಡವೂ ಒಂದು ಭಾಷೆಯಾಗಿದೆ. ಅಲ್ಲಿಯೂ ಗುರುತು ಹಾಕುವುದೇ, ಬರೆಯುವುದಿಲ್ಲ.

ಬರೆದದ್ದನ್ನು ಎಣಿಸುವ ಪರೀಕ್ಷೆ ನಮ್ಮಲ್ಲಿ ಇಲ್ಲವೇ ಇಲ್ಲವೆಂದಲ್ಲ. ಕೇಂದ್ರ ಲೋಕಸೇವಾ ಆಯೋಗದ ಮುಖ್ಯ ಪರೀಕ್ಷೆಯಲ್ಲಿ ಭಾರತೀಯ ಭಾಷೆಯ ಪತ್ರಿಕೆಯೊಂದಿದೆ. 300 ಅಂಕದ ಅದರಲ್ಲಿ ಪ್ರಬಂಧಕ್ಕೆ 100. ಶೇಕಡ 25 ಬಂದರೆ ಸಾಕು, ಮೊತ್ತಕ್ಕೆ ಸೇರುವುದಿಲ್ಲ. ಅದೇ ಪರೀಕ್ಷೆಯಲ್ಲಿ 1993ರಿಂದ ಪ್ರತ್ಯೇಕ ಪ್ರಬಂಧ ಪತ್ರಿಕೆಯೊಂದು ಬಂದಿದೆ. ಮೊದಲು 200 ಅಂಕ, 2013ರಿಂದ 250. ಇದು ಮೊತ್ತಕ್ಕೆ ಸೇರುತ್ತದೆ. ಇದನ್ನು ಕನ್ನಡದಲ್ಲಿಯೂ ಬರೆಯಬಹುದು. ಒಬ್ಬನೇ ಅಭ್ಯರ್ಥಿ ಕೆಲವೇ ದಿನಗಳ ಅಂತರದಲ್ಲಿ ಎರಡು ಕಡೆ ಪ್ರಬಂಧ ಬರೆಯುತ್ತಾನೆ. ಎಣಿಸುವ ಪ್ರಬಂಧಕ್ಕೆ ತಿಂಗಳುಗಟ್ಟಲೆ ತಯಾರಿ, ತರಬೇತಿ ಕೇಂದ್ರ, ತಿದ್ದಿಸಿಕೊಂಡ ರಾಶಿ ಉತ್ತರಪತ್ರಿಕೆ. ಎಣಿಸದ ಪ್ರಬಂಧಕ್ಕೆ ಹಿಂದಿನ ರಾತ್ರಿಯ ಕಣ್ಣಾಡಿಕೆ. ಆ ಅಸಡ್ಡೆಯಿಂದಲೇ ಕೆಲವರು ಅಲ್ಲಿ ಎಡವಿ, ಉಳಿದ ಪತ್ರಿಕೆಗಳ ಮೌಲ್ಯಮಾಪನವೇ ನಡೆಯದಂತೆ ಮಾಡಿಕೊಳ್ಳುತ್ತಾರೆ.

ಹಾಗಾದರೆ ಸಿಇಟಿಗೆ ಕನ್ನಡ ಪ್ರಬಂಧವನ್ನು ಸೇರಿಸಿ, ಅಂಕ ಎಣಿಸಿ ಎಂದು ಬೇಡಬೇಕೇ? ಡೀಡ್ರಿಕ್ ಅವರ 53 ಓದುಗರನ್ನು ನೆನೆದರೆ ಹಿಂಜರಿಕೆಯಾಗುತ್ತದೆ. ಲಕ್ಷಾಂತರ ಮಕ್ಕಳ ಪ್ರಬಂಧಗಳನ್ನು ಎರಡು ವಾರದಲ್ಲಿ ಯಾರು ಓದುತ್ತಾರೆ, ಒಂದೇ ತೂಕದಲ್ಲಿ ಹೇಗೆ ತೂಗುತ್ತಾರೆ? ಧಾರವಾಡದ ಮಗುವಿನ ಕನ್ನಡವನ್ನೂ ಮರಾಠಿಯ ನಡುವೆ ಬೆಳೆದ ಪಿಂಪಳಗಾಂವದ ಮಗುವಿನ ಕನ್ನಡವನ್ನೂ ಒಬ್ಬ ಮೌಲ್ಯಮಾಪಕ ಒಂದೇ ಕಣ್ಣಿನಿಂದ ನೋಡಿಯಾನೇ? ‘ನಿಬಂಧ’ ಎಂದು ಬರೆದ ಕಡೆಯಲ್ಲೆಲ್ಲ ಕೆಂಪು ಗೆರೆ ಬಿದ್ದೀತು. ನಮಗೆ ಸಾಧ್ಯವೆನಿಸುವುದು ಇಷ್ಟು: ಹೊರನಾಡು, ಗಡಿನಾಡಿನ ಅಭ್ಯರ್ಥಿಗಳ ಸಂಖ್ಯೆ ಇಡೀ ಸಿಇಟಿಯ ಮುಂದೆ ಸಣ್ಣದು. ಅವರಿಂದ ಒಂದು ಪುಟ ಬರೆಸುವುದು, ಇಬ್ಬರು ಬೇರೆ ಬೇರೆಯಾಗಿ ಓದುವುದು, ಆ ಮೀಸಲಿನೊಳಗೆ ಇಬ್ಬರು ಸರಿಸಮವಾಗಿ ನಿಂತಾಗ ಮಾತ್ರ ಆ ಅಂಕವನ್ನು ತಕ್ಕಡಿಗೆ ಹಾಕುವುದು. ಹನ್ನೆರಡರಾಚೆಗೂ ಓದಲು ಮಗುವಿಗೆ ಅಷ್ಟು ಕಾರಣ ಸಾಕಾಗಬಹುದು.

ಅಂಕದ ಹಂಗಿಲ್ಲದೆ ಕನ್ನಡ ಬರೆಸುವ ಪರೀಕ್ಷೆಗಳನ್ನು ನಮ್ಮವರು ಹಿಂದೆಯೇ ಕಟ್ಟಿದ್ದಾರೆ. 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತು ನಡೆಸುತ್ತ ಬಂದಿರುವ ಕಾವ, ಜಾಣ, ರತ್ನ ಪರೀಕ್ಷೆಗಳಿಗೆ ಯಾವ ಕಾಲೇಜಿನ ಒತ್ತಾಯವೂ ಇಲ್ಲ. ಪೂರ್ತಿ ಐಚ್ಛಿಕ. ಅವುಗಳಿಗೆ ಕೂತವರಲ್ಲಿ ಗುಮಾಸ್ತರು, ಗೃಹಿಣಿಯರು, ಮಾತೃಭಾಷೆ ಬೇರೆಯಾದವರು ಎಲ್ಲರೂ ಇದ್ದಾರೆ. ಅಲ್ಲಿಯೂ ಬರೆಯಲು ಕೂರುವವರು ಮೊದಲೇ ಆಸೆಯಿದ್ದವರೇ. ಅವರ ಅಂಕವನ್ನು ಬೇರೆಯವರ ಅಂಕದೊಡನೆ ಹೋಲಿಸಲಾಗದು, ಹೋಲಿಸುವ ಅಗತ್ಯವೂ ಇಲ್ಲ. ಆದರೆ ಹದಿನೇಳರ ಹರೆಯದಲ್ಲಿ, ಒಂದು ಸೀಟಿಗಾಗಿ ಇಡೀ ಮನೆ ಉಸಿರು ಬಿಗಿಹಿಡಿದ ವರ್ಷದಲ್ಲಿ, ಅಂಥ ಆಸೆಗೆ ಎಡೆ ಸಿಗುವುದು ಕಷ್ಟ.

ಹೊರನಾಡಿನ ಕನ್ನಡ ಪರೀಕ್ಷೆಗೆ ಕೂರಬೇಕಾದ ಮಗು ನಾಶಿಕದಲ್ಲಿ ಬರೆಯುವಂತಿಲ್ಲ, ಕೇಂದ್ರಗಳೆಲ್ಲ ಕರ್ನಾಟಕದೊಳಗೆ. ಪಿಂಪಳಗಾಂವದಿಂದ ಹೊರಟವರು ಹೋಗಿಬರುವ ಖರ್ಚು, ತಂದೆಯ ರಜೆ, ಮರುವಾರದ ಬೇರೆ ಪರೀಕ್ಷೆ ಎಲ್ಲವನ್ನೂ ಲೆಕ್ಕಹಾಕಿ ಹೊರಡುತ್ತಾರೆ. ರಾತ್ರಿಯ ಬಸ್ಸು ಗಡಿ ದಾಟುವ ಹೊತ್ತಿಗೆ ಮಗು ಒತ್ತಕ್ಷರಗಳನ್ನು ಇನ್ನೊಮ್ಮೆ ನೋಡಿಕೊಳ್ಳುತ್ತಿರುತ್ತದೆ.